ಸೋತರೂ ನಷ್ಟವಿಲ್ಲದ ಮಾಲೀಕ

ಪಾಲ್ ಸ್ಕೀನ್ಸ್ ಎಂಬ ಇಪ್ಪತ್ಮೂರರ ಹುಡುಗ 2025ರಲ್ಲಿ ಅಮೆರಿಕದ ಬೇಸ್‌ಬಾಲಿನ ನ್ಯಾಷನಲ್ ಲೀಗಿನಲ್ಲಿ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗೆದ್ದ. ಮತ ಹಾಕಿದ ಪತ್ರಕರ್ತರಲ್ಲಿ ಒಬ್ಬರಾದರೂ ಅವನ ಹೆಸರನ್ನು ಎರಡನೆಯ ಸ್ಥಾನದಲ್ಲಿ ಬರೆಯಲಿಲ್ಲ. ಒಂಬತ್ತು ಇನಿಂಗ್ಸಿಗೆ ಅವನು ಬಿಟ್ಟುಕೊಟ್ಟ ರನ್ನಿನ ಸರಾಸರಿ 1.97. ಕ್ರಿಕೆಟ್ಟಿನವರಿಗೆ ಹೇಳುವುದಾದರೆ, ಪ್ರತಿ ಪಂದ್ಯದಲ್ಲೂ ಎದುರಾಳಿಯನ್ನು ನೂರರೊಳಗೆ ಕಟ್ಟಿಹಾಕುವ ಬೌಲರ್. ಇಂಥವನ ಲೆಕ್ಕಕ್ಕೆ ಆ ವರ್ಷ ಬಿದ್ದ ಗೆಲುವು ಹತ್ತು, ಸೋಲೂ ಹತ್ತು. ಯಾಕೆಂದರೆ ಅವನು ಆಡುವುದು ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ. ಮೇಜರ್ ಲೀಗಿನ ಮೂವತ್ತು ತಂಡಗಳಲ್ಲಿ ಆ ವರ್ಷ ಅತಿ ಕಡಿಮೆ ಹೋಮ್ ರನ್ ಹೊಡೆದ ತಂಡ ಅದು. 162 ಪಂದ್ಯಗಳಲ್ಲಿ 71 ಗೆಲುವು, 91 ಸೋಲು.

ಹುಡುಗ ಚೆಂಡು ಎಸೆಯುತ್ತಾನೆ, ಎದುರಾಳಿಗಳು ತಲೆ ಬಗ್ಗಿಸಿಕೊಂಡು ವಾಪಸ್ಸು ಹೋಗುತ್ತಾರೆ, ಆಮೇಲೆ ನಮ್ಮವರು ಬ್ಯಾಟು ಹಿಡಿದು ಬಂದು ಅವರಿಗಿಂತ ಬೇಗ ವಾಪಸ್ಸು ಹೋಗುತ್ತಾರೆ. ಈ ನಾಟಕಕ್ಕೆ ನಾವು ಟಿಕೆಟ್ ಕೊಳ್ಳುತ್ತಿದ್ದೇವೆ.

ಸೋಲಿನ ಬಗ್ಗೆ ಗೋಳಾಡಲು ಇದನ್ನು ಬರೆಯುತ್ತಿಲ್ಲ. ಸೋಲನ್ನು ಹೇಗೆ ನುಂಗಬೇಕೆಂದು ಪಿಟ್ಸ್‌ಬರ್ಗಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಕ್ಕಿನ ಕಾರ್ಖಾನೆಗಳು ಬಾಗಿಲು ಹಾಕಿ, ಅರ್ಧ ಊರು ಕೆಲಸ ಹುಡುಕಿಕೊಂಡು ಹೊರಟುಹೋದಾಗಲೂ ಉಳಿದವರು ಕಪ್ಪು-ಬಂಗಾರದ ಬಣ್ಣದ ಟೋಪಿ ಬಿಡಲಿಲ್ಲ. 1992ರ ಅಕ್ಟೋಬರಿನಲ್ಲಿ ಅಟ್ಲಾಂಟಾದಲ್ಲಿ ವಿಶ್ವ ಸರಣಿಗೆ ಇನ್ನೊಂದೇ ಔಟ್ ಬಾಕಿ ಇತ್ತು. ಫ್ರಾನ್ಸಿಸ್ಕೊ ಕ್ಯಾಬ್ರೆರಾ ಹೊಡೆದ, ಮೊಣಕಾಲು ನೋವಿನ ಸಿಡ್ ಬ್ರೀಮ್ ಕುಂಟುತ್ತಲೇ ಓಡಿ ಬಂದು ಹೋಮ್ ಪ್ಲೇಟಿಗೆ ಜಾರಿದ, ಬ್ಯಾರಿ ಬಾಂಡ್ಸ್ ಎಸೆದ ಚೆಂಡು ಚೂರು ತಡವಾಯಿತು. ಬ್ರೀಮ್ ಹಿಂದೆ ಇದೇ ಪೈರೇಟ್ಸ್‌ನಲ್ಲಿ ಆಡಿದವನು ಎನ್ನುವುದು ಇನ್ನೊಂದು ಉರಿ. ಆ ಚಳಿಗಾಲದಲ್ಲೇ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. ಆಮೇಲೆ 1993ರಿಂದ 2012ರವರೆಗೆ, ಸತತ ಇಪ್ಪತ್ತು ವರ್ಷ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಆಟಗಳಲ್ಲಿ ಇನ್ನಾವ ತಂಡವೂ ಇಷ್ಟು ದೀರ್ಘವಾಗಿ ಸೋತಿಲ್ಲ. ಆಗ ಹುಟ್ಟಿದ ಮಕ್ಕಳು ಕಾಲೇಜು ಸೇರಿದರು, ತಂಡ ಗೆದ್ದ ಒಂದು ವರ್ಷವನ್ನೂ ನೋಡಲಿಲ್ಲ.

ಅವರೇ 2013ರಲ್ಲಿ, ತಂಡ ಕೊನೆಗೂ ಗೆಲ್ಲತೊಡಗಿದಾಗ, ಕಪ್ಪು ಬಟ್ಟೆ ತೊಟ್ಟು ಪಿಎನ್‌ಸಿ ಪಾರ್ಕ್ ತುಂಬಿದರು. ಸಿನ್ಸಿನಾಟಿಯ ಪಿಚರ್ ಜಾನಿ ಕ್ವೇಟೊನ ಹೆಸರನ್ನು ರಾಗ ಎಳೆದು ಕೂಗಿದರು. ಅವನ ಕೈಯಿಂದ ಚೆಂಡು ಜಾರಿ ಕೆಳಗೆ ಬಿತ್ತು, ಮುಂದಿನ ಎಸೆತವನ್ನೇ ರಸೆಲ್ ಮಾರ್ಟಿನ್ ಹೋಮ್ ರನ್ ಮಾಡಿದ. ಆ ರಾತ್ರಿಯ ವಿಡಿಯೊವನ್ನು ನಾನು ಇಂದಿಗೂ ಹಾಕಿಕೊಂಡು ನೋಡುತ್ತೇನೆ. ಇಂಥ ಅಭಿಮಾನಿಗಳು ತಮ್ಮದೇ ಅಂಗಳದಲ್ಲಿ, 2025ರ ತವರಿನ ಮೊದಲ ಪಂದ್ಯದ ದಿನವೇ, ‘ತಂಡ ಮಾರು’ ಎಂದು ಮಾಲೀಕ ಬಾಬ್ ನಟಿಂಗ್ ವಿರುದ್ಧ ಕೂಗಿದರು ಎಂದರೆ ಅದು ತಾಳ್ಮೆಗೆಟ್ಟವರ ಗದ್ದಲವಲ್ಲ. ಇವರ ತಾಳ್ಮೆಗೆ ದಾಖಲೆಯೇ ಇದೆ.

2013, 2014, 2015: ಮೂರು ವರ್ಷ ಚೆನ್ನಾಗಿ ಆಡಿದೆವು. 2015ರಲ್ಲಂತೂ 98 ಪಂದ್ಯ ಗೆದ್ದೆವು. ಅಲ್ಲಿಂದ ಒಂದೆರಡು ಒಳ್ಳೆಯ ಆಟಗಾರರನ್ನು ತಂದಿದ್ದರೆ ಸಾಕಿತ್ತು. ತರಲಿಲ್ಲ, ಕಳಿಸಿದರು. 2018ರ ಜನವರಿ ಒಂದೇ ತಿಂಗಳಲ್ಲಿ ಗೆರಿಟ್ ಕೋಲ್ ಹ್ಯೂಸ್ಟನ್ನಿಗೆ ಹೋದ, 2013ರ ಅತ್ಯಮೂಲ್ಯ ಆಟಗಾರ ಆಂಡ್ರ್ಯೂ ಮೆಕಚನ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. ಕೋಲ್ ಮುಂದೆ ಯಾಂಕೀಸ್ ಅಂಗಿಯಲ್ಲಿ ಸೈ ಯಂಗ್ ಗೆದ್ದ. 2018ರದೇ ಜುಲೈ ಕೊನೆಗೆ ಕ್ರಿಸ್ ಆರ್ಚರ್‌ಗಾಗಿ ಟೈಲರ್ ಗ್ಲಾಸ್ನೊ, ಆಸ್ಟಿನ್ ಮೆಡೋಸ್, ಶೇನ್ ಬಾಜ್ ಮೂವರನ್ನೂ ಟ್ಯಾಂಪಾಕ್ಕೆ ಕೊಟ್ಟರು. ಆರ್ಚರ್ ನಮಗೆ ಏನೂ ಗೆಲ್ಲಿಸಿಕೊಡಲಿಲ್ಲ. ಗ್ಲಾಸ್ನೊ 2025ರಲ್ಲಿ ಡಾಡ್ಜರ್ಸ್ ಜೊತೆ ವಿಶ್ವ ಸರಣಿ ಗೆದ್ದ. ಅಡಿಕೆ ಸಸಿ ಬೆಳೆಸಿ ಮಾರುವ ನರ್ಸರಿಯಂತಾಗಿದೆ ನಮ್ಮ ತಂಡ; ಫಸಲು ಮಾತ್ರ ಯಾವತ್ತೂ ಬೇರೆಯವರ ತೋಟದಲ್ಲಿ.

2015ರ ನಂತರ ಪ್ಲೇಆಫ್ ಮುಖವನ್ನೇ ನೋಡಿಲ್ಲ. 2021ರಲ್ಲಿ 101 ಸೋಲು, 2022ರಲ್ಲಿ 100. ಆ ಸೋಲುಗಳ ಉಡುಗೊರೆಯಾಗಿ ಬಂದವನೇ ಸ್ಕೀನ್ಸ್. ಕೆಳಗೆ ಬಿದ್ದ ತಂಡಗಳ ನಡುವೆ ಚೀಟಿ ಎತ್ತಿ ಹೊಸ ಆಟಗಾರರಲ್ಲಿ ಮೊದಲ ಆಯ್ಕೆಯ ಹಕ್ಕು ಕೊಡುವ ಪದ್ಧತಿ ಶುರುವಾದ ವರ್ಷವೇ ಪಿಟ್ಸ್‌ಬರ್ಗಿನ ಚೀಟಿ ಎದ್ದಿತು. ಅದಕ್ಕೆ ಎರಡು ವರ್ಷ ಮೊದಲೂ ಮೊದಲ ಆಯ್ಕೆ ನಮ್ಮದೇ ಆಗಿತ್ತು. ಯುರೋಪಿನ ಫುಟ್‌ಬಾಲಿನಲ್ಲಿ ಹೀಗೆ ಸೋತವರನ್ನು ಕೆಳದರ್ಜೆಗೆ ತಳ್ಳುತ್ತಾರೆ. ಇಲ್ಲಿ ಸೋತವನ ಕೈಗೆ ದೇಶದ ಅತ್ಯುತ್ತಮ ಹುಡುಗನನ್ನು ಇಡುತ್ತಾರೆ. ದುರ್ಬಲರಿಗೆ ನೆರವಾಗಲೆಂದು ಮಾಡಿದ ನಿಯಮ ಅದು, ತಪ್ಪೆನ್ನಲಾರೆ. ಆದರೆ ದುರ್ಬಲನಾಗಿ ಉಳಿಯುವುದನ್ನೇ ಕಸುಬು ಮಾಡಿಕೊಂಡವನಿಗೂ ಅದೇ ನೆರವು ಸಿಗುತ್ತಿದೆ.

ದುಡ್ಡಿನ ಲೆಕ್ಕಕ್ಕೆ ಬರೋಣ, ಜಗಳ ಇರುವುದೇ ಅಲ್ಲಿ. ಮೇಜರ್ ಲೀಗಿನಲ್ಲಿ ಪ್ರತಿ ತಂಡವೂ ತನ್ನ ಊರಿನ ಗಳಿಕೆಯಲ್ಲಿ ಶೇ 48ರಷ್ಟನ್ನು ಒಂದು ಹುಂಡಿಗೆ ಹಾಕುತ್ತದೆ, ಆ ಹುಂಡಿಯನ್ನು ಮೂವತ್ತೂ ತಂಡಗಳು ಸಮನಾಗಿ ಹಂಚಿಕೊಳ್ಳುತ್ತವೆ. ನ್ಯೂಯಾರ್ಕ್, ಲಾಸ್ ಏಂಜಲೀಸ್ ತಂಡಗಳು ಹಾಕುವುದು ಹೆಚ್ಚು, ಪಡೆಯುವುದು ಕಡಿಮೆ. ಪಿಟ್ಸ್‌ಬರ್ಗ್ ಪಡೆಯುವ ಸಾಲಿನಲ್ಲಿ ನಿಂತಿದೆ. ದೇಶವ್ಯಾಪಿ ಟಿವಿ ಒಪ್ಪಂದಗಳ ಹಣದಲ್ಲಿ ಬರುವ ಸಮಪಾಲು ಇದರ ಮೇಲೆ. ಹಂಚಿಕೆಯ ಹಣವನ್ನು ಮೈದಾನದಲ್ಲಿ ತಂಡದ ಆಟ ಸುಧಾರಿಸಲು ಬಳಸಬೇಕೆಂದು ಆಟಗಾರರ ಸಂಘದೊಡನೆ ಮಾಡಿಕೊಂಡ ಒಪ್ಪಂದವೇ ಹೇಳುತ್ತದೆ. ಹಾಗೆ ಬಳಸುತ್ತಿಲ್ಲವೆಂದು 2018ರಲ್ಲಿ ಆಟಗಾರರ ಸಂಘ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತು. ನಾಲ್ಕರಲ್ಲೊಂದು ಪೈರೇಟ್ಸ್.

2010ರಲ್ಲಿ ತಂಡದ ಹಣಕಾಸಿನ ಕಾಗದಗಳು ಸೋರಿ ಹೊರಬಂದವು. 2007 ಮತ್ತು 2008ರಲ್ಲಿ ಪೈರೇಟ್ಸ್ ಸೋತದ್ದು ಕ್ರಮವಾಗಿ 94 ಮತ್ತು 95 ಪಂದ್ಯ. ಆ ಎರಡು ವರ್ಷಗಳಲ್ಲಿ ತಂಡಕ್ಕೆ ಬಂದ ಲಾಭ ಒಟ್ಟು 2.9 ಕೋಟಿ ಡಾಲರಿಗೂ ಮೇಲೆ. ಆ ಕಾಗದ ಹಳೆಯದು, ನಿಜ. ಈಚಿನ ಕಾಗದ ತೋರಿಸಿ ಎಂದರೆ ತೋರಿಸುವವರಿಲ್ಲ. 1996ರಲ್ಲಿ ಹತ್ತು ಕೋಟಿ ಡಾಲರಿಗಿಂತ ಕಡಿಮೆಗೆ ಕೈ ಬದಲಾಯಿಸಿದ ತಂಡದ ಬೆಲೆ ಈಗ ನೂರು ಕೋಟಿ ಡಾಲರ್ ದಾಟಿದೆ ಎನ್ನುವುದನ್ನಂತೂ ಯಾರೂ ಅಲ್ಲಗಳೆಯುವುದಿಲ್ಲ. ಸೋಲುತ್ತಲೇ ಹತ್ತು ಪಟ್ಟು ಬೆಳೆಯುವ ಆಸ್ತಿ ಕೈಯಲ್ಲಿರುವವನು ಗೆಲ್ಲಲು ಯಾಕೆ ಬೆವರು ಸುರಿಸಬೇಕು?

ಮತ್ತೆ, ಖರ್ಚು ನೋಡಿ. 2016ರ ಡಿಸೆಂಬರಿನಲ್ಲಿ ಇವಾನ್ ನೋವಾಗೆ ಮೂರು ವರ್ಷದ ಒಪ್ಪಂದ ಕೊಟ್ಟ ಮೇಲೆ 2025ರ ಋತು ಮುಗಿಯುವತನಕ ಒಪ್ಪಂದ ಮುಗಿದು ಮಾರುಕಟ್ಟೆಗೆ ಬಂದ ಒಬ್ಬನೇ ಒಬ್ಬ ಫ್ರೀ ಏಜೆಂಟನಿಗೂ ಒಂದು ವರ್ಷಕ್ಕಿಂತ ಹೆಚ್ಚಿನ ಒಪ್ಪಂದ ಸಿಕ್ಕಿಲ್ಲ. ಅಲ್ಲಿಯತನಕ ತಂಡದ ಚರಿತ್ರೆಯಲ್ಲೇ ಅತಿ ದೊಡ್ಡ ಒಪ್ಪಂದ ಬ್ರಯಾನ್ ರೆನಾಲ್ಡ್ಸ್‌ನದು: ಎಂಟು ವರ್ಷಕ್ಕೆ 10.67 ಕೋಟಿ ಡಾಲರ್. ಮೆಟ್ಸ್ ತಂಡ ಹ್ವಾನ್ ಸೋಟೊ ಒಬ್ಬನಿಗೇ 76.5 ಕೋಟಿ ಕೊಟ್ಟ ಕಾಲದಲ್ಲಿ ಇದು. ಸೋಟೊನಂಥವನನ್ನು ತನ್ನಿ ಎಂದು ಯಾರೂ ಕೇಳುತ್ತಿಲ್ಲ. ಸ್ಕೀನ್ಸ್ ಎಸೆದ ದಿನ ಮೂರು ರನ್ ಹೊಡೆದುಕೊಡುವವನೊಬ್ಬ ಬೇಕು, ಅಷ್ಟೇ.

‘ಚಿಕ್ಕ ಊರು, ಏನು ಮಾಡೋಕಾಗುತ್ತೆ’ ಎನ್ನುವುದು ಮಾಲೀಕರ ಪರ ನಿಲ್ಲುವವರ ಹಳೆಯ ಪಲ್ಲವಿ. ಮಿಲ್ವಾಕಿಯ ಮಾರುಕಟ್ಟೆ ಪಿಟ್ಸ್‌ಬರ್ಗಿನದಕ್ಕಿಂತ ಚಿಕ್ಕದು. 2025ರಲ್ಲಿ ಇಡೀ ಮೇಜರ್ ಲೀಗಿನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದದ್ದು ಮಿಲ್ವಾಕಿ ಬ್ರೂವರ್ಸ್, 97. ಡಾಡ್ಜರ್ಸ್ ಕೊಡುವ ಸಂಬಳದ ಅರ್ಧವೂ ಅವರು ಕೊಡುವುದಿಲ್ಲ. ಕೊನೆಗೆ ಡಾಡ್ಜರ್ಸ್ ಕೈಲೇ ಸೋತರು, ಒಪ್ಪೋಣ. ಆದರೆ ಅವರ ಊರಿನಲ್ಲಿ ಅಕ್ಟೋಬರಿನವರೆಗೆ ಬೇಸ್‌ಬಾಲ್ ಇತ್ತು, ನಮ್ಮಲ್ಲಿ ಜೂನ್ ಬರುವ ಮೊದಲೇ ಮುಗಿದಿತ್ತು. ಮೇ 8ಕ್ಕೆ ಮ್ಯಾನೇಜರ್ ಡೆರೆಕ್ ಶೆಲ್ಟನ್ ಅವರನ್ನು ಮನೆಗೆ ಕಳಿಸಿದಾಗ ಲೆಕ್ಕ 12 ಗೆಲುವು, 26 ಸೋಲು. ಅಡುಗೆಗೆ ಸಾಮಾನು ತರದೆ ಭಟ್ಟರನ್ನು ಬದಲಾಯಿಸುವ ಮನೆ ಇದು.

ನಟಿಂಗ್ ಅವರ ಮೇಲೆ ವೈಯಕ್ತಿಕ ದ್ವೇಷವೇನೂ ನನಗಿಲ್ಲ. ಪತ್ರಿಕೆಗಳ ವಂಶದಿಂದ ಬಂದವರು, ಅದ್ದೂರಿ ಬದುಕಿನ ಗೊಡವೆಗೆ ಹೋಗದ ಮನುಷ್ಯ ಎನ್ನುತ್ತಾರೆ. ಆದರೆ 2025ರ ಏಪ್ರಿಲ್ ತಿಂಗಳೊಂದರಲ್ಲೇ ಅವರ ಆಡಳಿತ ಮಾಡಿಕೊಂಡ ಎಡವಟ್ಟುಗಳು ಈ ಜನರಿಗೆ ತಂಡವೆಂದರೆ ಏನೆಂದು ಗೊತ್ತೇ ಇಲ್ಲ ಎನ್ನಿಸುವಂತಿದ್ದವು. ಮೈದಾನ ಕಟ್ಟುವಾಗ ಅಭಿಮಾನಿಗಳು ದುಡ್ಡು ಕೊಟ್ಟು ತಮ್ಮ, ತೀರಿಕೊಂಡ ಅಪ್ಪ ಅಜ್ಜಂದಿರ ಹೆಸರು ಕೆತ್ತಿಸಿ ಹಾಕಿಸಿದ ಇಟ್ಟಿಗೆಗಳು ಗುಜರಿ ಅಂಗಳದಲ್ಲಿ ರಾಶಿ ಬಿದ್ದಿದ್ದು ಹೊರಬಂತು. ಅದೇ ಹೊತ್ತಿಗೆ ಬಲಗಡೆಯ ಗೋಡೆಯ ಮೇಲಿದ್ದ ರಾಬರ್ಟೊ ಕ್ಲೆಮೆಂಟೆಯ 21 ಸಂಖ್ಯೆಯ ಗುರುತು ಹೋಗಿ ಅಲ್ಲೊಂದು ಮದ್ಯದ ಜಾಹೀರಾತು ಬಂತು.

ಕ್ಲೆಮೆಂಟೆ ಯಾರೆಂದು ಕನ್ನಡದ ಓದುಗರಿಗೆ ಎರಡು ಮಾತು ಹೇಳಲೇಬೇಕು. ಪೋರ್ಟೊ ರಿಕೊದಿಂದ ಬಂದು ಹದಿನೆಂಟು ವರ್ಷ ಈ ಒಂದೇ ತಂಡಕ್ಕೆ ಆಡಿದ, 3,000 ಹಿಟ್ ಹೊಡೆದ, 1960 ಮತ್ತು 1971ರ ವಿಶ್ವ ಸರಣಿ ಗೆದ್ದ. 1972ರ ಕೊನೆಗೆ ನಿಕರಾಗುವಾದಲ್ಲಿ ಭೂಕಂಪವಾಯಿತು. ಕಳಿಸಿದ ನೆರವು ಸಂತ್ರಸ್ತರಿಗೆ ತಲುಪುತ್ತಿಲ್ಲವೆಂದು ತಿಳಿದು ಡಿಸೆಂಬರ್ 31ರ ರಾತ್ರಿ ತಾನೇ ಸಾಮಗ್ರಿ ತುಂಬಿದ ವಿಮಾನ ಹತ್ತಿದ. ವಿಮಾನ ಸಮುದ್ರಕ್ಕೆ ಬಿತ್ತು. ಆ ಗೋಡೆಯ ಎತ್ತರ 21 ಅಡಿ ಇರುವುದೂ ಅವನ ಅಂಗಿಯ ಸಂಖ್ಯೆಯ ನೆನಪಿಗೇ. ಅಂಥವನ ಗುರುತಿನ ಜಾಗ ಬಾಡಿಗೆಗೆ! ಕ್ಲೆಮೆಂಟೆಯ ಮಗ ಬೇಸರ ಹೇಳಿಕೊಂಡ ಮೇಲೆ, ಊರು ರೇಗಿದ ಮೇಲೆ, ಗುರುತನ್ನು ಮತ್ತೆ ತಂದಿಟ್ಟರು. ಯಾವುದು ಮಾರಾಟಕ್ಕಿಲ್ಲ ಎಂದು ಪ್ರತಿಸಲ ಅಭಿಮಾನಿಗಳೇ ನೆನಪಿಸಬೇಕು.

ಇದೇ ತಂಡ 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಹುಡುಗರೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಅಮೆರಿಕದ ವೃತ್ತಿಪರ ಬೇಸ್‌ಬಾಲಿಗೆ ಸೇರಿದ ಮೊದಲ ಭಾರತೀಯರು ಅವರು. ಡಿಸ್ನಿ ಅದರ ಮೇಲೆ ಸಿನಿಮಾವನ್ನೂ ಮಾಡಿತು. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ಹೊಸತನ್ನು ಹುಡುಕುವ ಬುದ್ಧಿ ಈ ತಂಡಕ್ಕಿಲ್ಲ ಎನ್ನಲಾಗದು. ಅಗ್ಗಕ್ಕೆ ಸಿಗುವ ಕಡೆ ಆ ಬುದ್ಧಿ ಚುರುಕಾಗುತ್ತದೆ, ಬೆಲೆ ಕಟ್ಟುವ ಹೊತ್ತಿಗೆ ಮಂಕಾಗುತ್ತದೆ.

‘ತಂಡ ಮಾರು’ ಎಂದು ಕೂಗುವವರ ಜೊತೆ ನಾನೂ ಕೂಗಬಲ್ಲೆ, ಆದರೆ ಅದರಿಂದ ಕೆಲಸವಾಗುತ್ತದೆ ಎಂದು ನಂಬಲಾರೆ. ಇವರು ಮಾರಿದರೆ ಕೊಳ್ಳುವವನೂ ಇದೇ ಲೆಕ್ಕ ಹಾಕುತ್ತಾನೆ, ಯಾಕೆಂದರೆ ಈ ಲೆಕ್ಕ ಹಾಕಿದವರು ನಟಿಂಗ್ ಅಲ್ಲ, ಲೀಗು. ಐಪಿಎಲ್ಲಿನಲ್ಲಿ ತಂಡಗಳ ಖರ್ಚಿಗೆ ಮೇಲೊಂದು ಮಿತಿಯಿದೆ, ಜೊತೆಗೆ ಆ ಮೊತ್ತದಲ್ಲಿ ಕನಿಷ್ಠ ಶೇ 75ನ್ನು ಆಟಗಾರರ ಮೇಲೆ ಹಾಕಲೇಬೇಕೆಂಬ ಕೆಳಮಿತಿಯೂ ಇದೆ. ಆರ್‌ಸಿಬಿ ಕಪ್ಪಿಗಾಗಿ 2025ರವರೆಗೆ ಕಾಯಿಸಿತು. ಆದರೆ ದುಡ್ಡು ಬಿಚ್ಚದೆ ಸೋಲಿಸಿದರು ಎಂದು ಬೆಂಗಳೂರಿನಲ್ಲಿ ಯಾರೂ ಬೈದದ್ದು ನಾ ಕೇಳಿಲ್ಲ. ಬೇಸ್‌ಬಾಲಿನಲ್ಲಿ ಮೇಲ್ಮಿತಿಯೂ ಇಲ್ಲ, ಕೆಳಮಿತಿಯೂ ಇಲ್ಲ. ವಿಪರೀತ ಖರ್ಚು ಮಾಡಿದವರಿಗೊಂದು ತೆರಿಗೆ ಇದೆ. ಅತಿಯಾಗಿ ಉಳಿಸಿದವರಿಗೆ ಯಾವ ತೆರಿಗೆಯೂ ಇಲ್ಲ.

ಆಟಗಾರರ ಸಂಘದೊಡನೆ ಲೀಗು ಮಾಡಿಕೊಂಡ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮಾಲೀಕರು ಡಾಡ್ಜರ್ಸ್ ಕಡೆ ಬೆರಳು ತೋರಿಸಿ ಮೇಲ್ಮಿತಿ ಕೇಳುತ್ತಾರೆ. ‘ನಿಮ್ಮಂಥ ಚಿಕ್ಕ ಊರಿನವರಿಗಾಗಿಯೇ’ ಎಂದು ನಮ್ಮನ್ನು ಮುಂದೆ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಡಾಡ್ಜರ್ಸ್ ತಮ್ಮ ಅಭಿಮಾನಿಗಳಿಂದ ಬಂದ ದುಡ್ಡನ್ನು ಮೈದಾನಕ್ಕೆ ಸುರಿಯುತ್ತಾರೆ; ಅದಕ್ಕಾಗಿ ಅವರನ್ನು ಬೈಯುವ ಮನಸ್ಸು ನನಗಿಲ್ಲ, ಹೊಟ್ಟೆಕಿಚ್ಚು ಬೇಕಾದಷ್ಟಿದೆ. ಮೇಲ್ಮಿತಿಯಷ್ಟೇ ಬಂದರೆ ನಮ್ಮ ಮಾಲೀಕರಿಗೆ ಇನ್ನಷ್ಟು ಉಳಿಯುತ್ತದೆ. ನಮಗೆ ಬೇಕಾದದ್ದು ಕೆಳಮಿತಿ: ಹುಂಡಿಯಿಂದ ಪಡೆದದ್ದನ್ನು ಸಂಬಳಪಟ್ಟಿಯಲ್ಲಿ ತೋರಿಸದವನಿಗೆ ಮರುವರ್ಷ ಪಾಲು ಕಡಿತ, ಮೊದಲ ಆಯ್ಕೆಯೂ ಇಲ್ಲ.

ಲೀಗು ಇದನ್ನು ತಾನಾಗಿ ಮಾಡುವುದಿಲ್ಲ. ಊರಿನ ಕೈಯಲ್ಲಿ ಮಾತ್ರ ಒಂದು ಹಿಡಿತವಿದೆ, ಅದನ್ನು ಯಾರೂ ಬಳಸುತ್ತಿಲ್ಲ. 1997ರ ನವೆಂಬರಿನಲ್ಲಿ ಕ್ರೀಡಾಂಗಣಗಳಿಗಾಗಿ ಮಾರಾಟ ತೆರಿಗೆ ಏರಿಸಬಹುದೇ ಎಂದು ಈ ಭಾಗದ ಹನ್ನೊಂದು ಕೌಂಟಿಗಳ ಮತದಾರರನ್ನು ಕೇಳಿದರು. ಜನ ಬೇಡವೆಂದರು. ಮರುವರ್ಷ ಇನ್ನೊಂದು ದಾರಿಯಿಂದ ಸಾರ್ವಜನಿಕ ಹಣವನ್ನೇ ತಂದರು. 2001ರಲ್ಲಿ ತೆರೆದ ಪಿಎನ್‌ಸಿ ಪಾರ್ಕಿಗೆ ತಂಡ ಹಾಕಿದ್ದು ಸುಮಾರು 4 ಕೋಟಿ ಡಾಲರ್. ಉಳಿದ ಹೆಚ್ಚಿನ ಪಾಲು ಜನರದು. ಅಲಿಗೇನಿ ನದಿಯ ದಂಡೆಯ ಆ ಮೈದಾನ ದೇಶದಲ್ಲೇ ಅತಿ ಚೆಂದದ್ದು ಎನ್ನುವ ಮಾತಿಗೆ ನನ್ನದೂ ಒಂದು ಓಟು. ಅದರ ಒಡೆತನ ಇಂದಿಗೂ ಸಾರ್ವಜನಿಕ ಪ್ರಾಧಿಕಾರದ್ದು, ತಂಡ ಬಾಡಿಗೆದಾರ. ಗುತ್ತಿಗೆ ಈ ದಶಕದ ಕೊನೆಯ ಹೊತ್ತಿಗೆ ಮುಗಿಯುತ್ತದೆ. ರಿಪೇರಿಗೆ, ಹೊಸ ಪರದೆಗೆ, ಹೊಸ ಕುರ್ಚಿಗೆ ಎಂದು ಮತ್ತೆ ಕೈ ಚಾಚುವ ದಿನ ಬಂದೇ ಬರುತ್ತದೆ. ಹೊಸ ಗುತ್ತಿಗೆಯ ಮೊದಲ ಷರತ್ತು ತಂಡದ ಲೆಕ್ಕಪುಸ್ತಕ ತೆರೆದಿಡುವುದಾಗಬೇಕು. ಎರಡನೆಯದು ಸಂಬಳಕ್ಕೆ ಇಷ್ಟು ಖರ್ಚು ಮಾಡುತ್ತೇವೆಂಬ ಬರವಣಿಗೆ, ತಪ್ಪಿದರೆ ಬಾಡಿಗೆ ಏರಿಕೆ. ಹಾಗೆ ಕೇಳಿದರೆ ತಂಡ ಊರು ಬಿಟ್ಟು ಹೋದೀತು ಎಂದು ಹೆದರಿಸುವವರು ಇದ್ದಾರೆ. ಆ ಬೆದರಿಕೆ ಎಲ್ಲ ಊರುಗಳಲ್ಲೂ ಹಾಕುವಂಥದ್ದೇ. ಓಕ್ಲೆಂಡಿನಲ್ಲಿ ನಿಜವೂ ಆಯಿತು ಎನ್ನುವುದನ್ನು ಮರೆತಿಲ್ಲ. ಆದರೂ ಕೇಳಬೇಕು. ಬರೀ ಹೆದರಿಕೆಯ ಮೇಲೆ ಉಳಿಸಿಕೊಂಡ ತಂಡ ಈ ಹತ್ತು ವರ್ಷ ನಮಗೆ ಏನು ಕೊಟ್ಟಿದೆ ಎಂದು ನೋಡಿದ್ದೇವಲ್ಲ.

ಸ್ಕೀನ್ಸ್ ಮೇಲೆ ತಂಡಕ್ಕಿರುವ ಹಕ್ಕು 2029ರ ಋತುವಿಗೆ ಕೊನೆಯಾಗುತ್ತದೆ. ಗುತ್ತಿಗೆಯ ಮಾತುಕತೆಯೂ ಸರಿಸುಮಾರು ಆಗಲೇ. ನಗರಸಭೆಗೆ, ಕೌಂಟಿಗೆ ಆರಿಸಿ ಬರಲು ನಿಂತವರು ಮನೆ ಬಾಗಿಲಿಗೆ ಬಂದಾಗ ಈ ಎರಡು ತಾರೀಕುಗಳನ್ನು ಮುಂದಿಟ್ಟು, ಷರತ್ತು ಹಾಕುತ್ತೀರೋ ಇಲ್ಲವೋ ಎಂದು ಕೇಳಿ. ಮೈದಾನದಲ್ಲಿ ಕೂಗಿದ್ದಕ್ಕಿಂತ ಅದು ಮಾಲೀಕರ ಕಿವಿಗೆ ಬೇಗ ಬೀಳುತ್ತದೆ.