ಬೀರುವಿನ ಮೇಲಿದ್ದ ಬಂದೂಕು



ಕಳೆದ ವರ್ಷ ದಸರಾ ರಜೆಯ ಮೊದಲ ದಿನವೇ ತಿರುಪ್ಪೂರಿನಿಂದ ನನ್ನ ತಂಗಿ ಫೋನು ಮಾಡಿದಳು. "ಅಣ್ಣಾ, ನಿನ್ನ ಅಳಿಯನಿಗೆ ಬಂದೂಕು ಬೇಕಂತೆ. ಅವರಪ್ಪ ಆಗಲೇ ಅರ್ಧ ಒಪ್ಪಿದ್ದಾರೆ. ನೀನಾದರೂ ಸ್ವಲ್ಪ ಬುದ್ಧಿ ಹೇಳು" ಎಂದಳು. ಬುದ್ಧಿ ಹೇಳಲು ಹೋದ ನಾನು ಕೊನೆಗೆ ಬಂದೂಕು ಹೊತ್ತು ಮನೆಗೆ ಬಂದ ಕಥೆಯೇ ಈ ತಿಂಗಳ ಅಂಕಣ.

ನನ್ನ ಅಳಿಯನಿಗೆ ಹದಿನಾಲ್ಕು ವರ್ಷ. ಶಾಲೆಯವರು ಒಂದು ದಿನ ಮಕ್ಕಳನ್ನು ಗುರಿ ಅಭ್ಯಾಸದ ಅಂಗಳಕ್ಕೆ ಕರೆದೊಯ್ದಿದ್ದರಂತೆ. ಅಂದಿನಿಂದ ಹುಡುಗನ ಬಾಯಲ್ಲಿ ಅಭಿನವ್ ಬಿಂದ್ರಾ ಬಿಟ್ಟು ಬೇರೆ ಹೆಸರಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬಿಂದ್ರಾ ಕೊನೆಯ ಗುಂಡಿಗೆ 10.8 ಅಂಕ ಪಡೆದು ಚಿನ್ನ ಗೆದ್ದದ್ದು ಇವನು ಹುಟ್ಟುವ ಮೊದಲಿನ ಮಾತು. ಆದರೂ ಕಣ್ಣಾರೆ ಕಂಡವನಂತೆ ವರ್ಣಿಸುತ್ತಾನೆ. ನಮ್ಮ ಭಾವ ಬನಿಯನ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಲೆಕ್ಕದ ಮನುಷ್ಯ. ಹೊಸ ಜರ್ಮನ್ ರೈಫಲ್ಲಿನ ಬೆಲೆ ಕೇಳಿ ಕುಳಿತಲ್ಲಿಂದ ಏಳಲಿಲ್ಲ. ಅಷ್ಟರಲ್ಲಿ ಪರಿಚಯದವರೊಬ್ಬರು, "ಕೊಯಮತ್ತೂರಿನಲ್ಲಿ ಒಂದು ಮನೆಯಲ್ಲಿ ಹಳೆಯ ಜರ್ಮನ್ ಏರ್ ರೈಫಲ್ ಇದೆ, ಕೊಡುತ್ತಾರಂತೆ" ಎಂದು ಕಿವಿಗೆ ಹಾಕಿದರು. ಕೊಯಮತ್ತೂರು ಎಂದರೆ ನಾನು. ಮೂವತ್ತು ವರ್ಷ ಇಲ್ಲಿ ಪಂಪುಸೆಟ್ಟಿನ ಕಾರ್ಖಾನೆಯಲ್ಲಿ ದುಡಿದು, ನಿವೃತ್ತನಾಗಿ, ಇಲ್ಲೇ ನೆಲೆಸಿದವನು. ಹುಟ್ಟೂರು ಕೊಳ್ಳೇಗಾಲ. ಆ ಊರು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹಾಗಾಗಿ ನನಗೆ ಇದು ಪರಸ್ಥಳ ಎಂದು ಎಂದೂ ಅನಿಸಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ರಂಧ್ರ 4.5 ಮಿಲಿಮೀಟರ್, ಅಂದರೆ .177 ಇಂಚು ಮೀರಬಾರದು, ಗುಂಡಿನ ಶಕ್ತಿ 20 ಜೌಲ್ ದಾಟಬಾರದು. ಇದರಲ್ಲಿ ಒಂದು ಮೀರಿದರೂ ಲೈಸೆನ್ಸ್ ಬೇಕು. ಹಳೆಯ ಬಂದೂಕು ಕೊಳ್ಳುವವರು ಎಡವುವುದು ಇಲ್ಲಿಯೇ. ಬ್ರಿಟಿಷರ ಕಾಲದ ಬಿ.ಎಸ್.ಎ. ಬಂದೂಕುಗಳಲ್ಲಿ ಎಷ್ಟೋ .22 ಅಳತೆಯವು. ತಾತನ ಕಾಲದ್ದು, ಗೋಡೆಗೆ ಅಂದ ಎಂದು ತಂದು ತೂಗುಹಾಕಿದರೆ ನಾಳೆ ಠಾಣೆಗೆ ಉತ್ತರ ಹೇಳಬೇಕಾದೀತು. ಕೊಳ್ಳುವಾಗ ಮಾರುವವರ ಮತ್ತು ಕೊಳ್ಳುವವರ ಗುರುತಿನ ಚೀಟಿಯ ನಕಲು ಇಟ್ಟು, ಒಂದು ಕಾಗದ ಬರೆಸಿಕೊಳ್ಳಿ. ಅದು ದೊಡ್ಡವರ ಹೆಸರಿನಲ್ಲಿರಲಿ, ಮಗುವಿನ ಹೆಸರಿನಲ್ಲಿ ಬೇಡ.

ಆ ಮನೆ ದೇವಾಂಗರದು. ಕೊಯಮತ್ತೂರಿನ ದೇವಾಂಗರು ತಲೆಮಾರುಗಳಿಂದ ತಮಿಳು ನಾಡಿನಲ್ಲಿದ್ದರೂ ಮನೆಯೊಳಗೆ ಕನ್ನಡ ಬಿಟ್ಟಿಲ್ಲ. ನೇಯ್ಗೆಯವರ ಕನ್ನಡ, ನಡುನಡುವೆ ತಮಿಳು, ಕೇಳಲು ಬಲು ಸೊಗಸು. ಬಾಗಿಲು ತೆರೆದವರು ಎಪ್ಪತ್ತು ದಾಟಿದ ತಾಯಿ. ಅವರ ಯಜಮಾನರು ಬಟ್ಟೆ ಗಿರಣಿಯಲ್ಲಿ ಅಧಿಕಾರಿಯಾಗಿದ್ದು, ಯಂತ್ರದ ತರಬೇತಿಗೆಂದು ಜರ್ಮನಿಗೆ ಹೋದಾಗ ಈ ಬಂದೂಕು ತಂದಿದ್ದರಂತೆ. ಅವರು ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಅದು ಹಳೇ ಸೀರೆಯೊಂದರಲ್ಲಿ ಸುತ್ತಿಕೊಂಡು ಬೀರುವಿನ ಮೇಲೆ ಮಲಗಿತ್ತು.

ಬಿಚ್ಚಿದಾಗ ನಾನೂ ಒಂದು ಕ್ಷಣ ಮಾತು ಮರೆತೆ. ಡಯಾನಾ 75. 1977ರಲ್ಲಿ ಬಂದ ಮಾದರಿ. ಪಕ್ಕದ ಸನ್ನೆಕೋಲು, ದಪ್ಪ ನಳಿಕೆ, ಕೆನ್ನೆ ಇಡಲು ಎತ್ತರಿಸಿದ ಆಕ್ರೋಡು ಬಣ್ಣದ ಮರ.

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳಬೇಕು, ಬೇಸರಿಸಬೇಡಿ. ಜಾತ್ರೆಯಲ್ಲಿ ಬಲೂನು ಹೊಡೆಯುವ ಬಂದೂಕು ನೀವು ಹಿಡಿದಿರಬಹುದು. ಕುದುರೆ ಎಳೆದೊಡನೆ ಒಳಗಿನ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ, ಆ ಭಾರಕ್ಕೆ ಬಂದೂಕು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಗುಂಡು ಇನ್ನೂ ನಳಿಕೆಯಲ್ಲಿರುವಾಗಲೇ ಈ ಕುಲುಕಾಟ ಶುರುವಾಗುತ್ತದೆ. ಬಲೂನಿಗೆ ಅದು ಸಾಕು. ಆದರೆ ಹತ್ತು ಮೀಟರ್ ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಪೆನ್ನಿನ ಮೊನೆ ಒತ್ತಿದಷ್ಟು. ಅಲ್ಲಿ ಕುಲುಕಾಟ ನಡೆಯದು. ಹಾಗಾಗಿ ಜರ್ಮನಿಯ ಕಂಪನಿಗಳು ಒಂದೊಂದೂ ಒಂದೊಂದು ದಾರಿ ಹಿಡಿದವು. ಫೈನ್‌ವೆರ್ಕ್‌ಬೌನವರು ತಮ್ಮ 300 ಎಸ್ ಮಾದರಿಯಲ್ಲಿ ನಳಿಕೆ ಸಮೇತ ಇಡೀ ಯಂತ್ರವನ್ನು ಹಳಿಗಳ ಮೇಲೆ ಕೂರಿಸಿದರು. ಕುದುರೆ ಎಳೆದಾಗ ಅದು ಹಿಂದಕ್ಕೆ ಜಾರುತ್ತದೆ, ಭುಜಕ್ಕೆ ಏನೂ ತಿಳಿಯುವುದಿಲ್ಲ. ವಾಲ್ಟರ್‌ನವರು 1974ರ ಎಲ್.ಜಿ.ಆರ್. ಮಾದರಿಯಲ್ಲಿ ಸ್ಪ್ರಿಂಗನ್ನೇ ಕೈಬಿಟ್ಟು, ಸನ್ನೆಕೋಲಿನ ಒಂದೇ ಎಳೆತಕ್ಕೆ ಗಾಳಿ ತುಂಬುವಂತೆ ಮಾಡಿದರು. ಡಯಾನಾದವರದು ಇನ್ನೂ ವಿಚಿತ್ರ. ಎರಡು ಪಿಸ್ಟನ್, ಒಂದು ಮುಂದಕ್ಕೆ ಓಡಿದರೆ ಇನ್ನೊಂದು ಹಿಂದಕ್ಕೆ. ಎರಡಕ್ಕೂ ನಡುವೆ ಹಲ್ಲುಚಕ್ರ. ಒಂದರ ಭಾರವನ್ನು ಇನ್ನೊಂದು ತಿಂದುಹಾಕುತ್ತದೆ, ಬಂದೂಕು ಕಲ್ಲಿನಂತೆ ನಿಲ್ಲುತ್ತದೆ.

ಇಂದಿನ ಸ್ಪರ್ಧೆಗಳಲ್ಲಿ ಇವು ಯಾವುವೂ ಇಲ್ಲ. ಈಗೆಲ್ಲ ಸಿಲಿಂಡರಿನಲ್ಲಿ ಗಾಳಿ ತುಂಬಿದ ರೈಫಲ್ಲುಗಳು. ಆದರೂ ಆ ಹಳೆಯವು ಸರಿಯಾಗಿದ್ದರೆ ಇಂದಿಗೂ ಗುಂಡಿನ ಮೇಲೆ ಗುಂಡು ಕೂರಿಸುತ್ತವೆ. ಸಿಲಿಂಡರ್ ತುಂಬಿಸುವ ತಾಪತ್ರಯವೂ ಇಲ್ಲ. ಅವುಗಳ ಶಕ್ತಿ ಏಳೆಂಟು ಜೌಲ್ ಅಷ್ಟೇ. ಹೊರದೇಶದಿಂದ ತರಿಸಿಕೊಳ್ಳಲು ನಿಯಮಗಳ ಅಡ್ಡಿ ಬಹಳ. ಆದ್ದರಿಂದ ನಮ್ಮಲ್ಲಿ ಇಂಥವು ಮನೆಯಿಂದ ಮನೆಗೆ, ಕೈಯಿಂದ ಕೈಗೆ ಬರುವುದೇ ಹೆಚ್ಚು.

ಅಂಗಳದಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಮರಳಿನ ಮೂಟೆ ಇಟ್ಟು, ಕಾಗದ ಅಂಟಿಸಿದೆವು. "ಹೊಡೆದು ನೋಡಬಹುದೇ ಅಮ್ಮಾ?" ಎಂದು ಕೇಳಿದೆ. ಹೊಡೆದು ನೋಡಲು ಬಿಡದ ಬಂದೂಕನ್ನು ಕೆಟ್ಟಿದೆ ಎಂದೇ ತಿಳಿದು ಬೆಲೆ ಕಟ್ಟಬೇಕು. ಸನ್ನೆಕೋಲು ಎಳೆದೆ. ಒಳಗೆ ಮರಳು ತುಳಿದ ಸದ್ದು. ಗುಂಡು ಹಾಕುವಾಗ ಸನ್ನೆಕೋಲನ್ನು ಇನ್ನೊಂದು ಕೈಯಲ್ಲಿ ಬಿಗಿ ಹಿಡಿದಿದ್ದೆ. ಹಳೆಯ ಬಂದೂಕಿನ ಕೊಂಡಿ ಜಾರಿದರೆ ಬೆರಳು ಹೋಗುತ್ತದೆ, ಇದನ್ನು ಮಾತ್ರ ಮರೆಯಬೇಡಿ. ಕುದುರೆ ಎಳೆದೆ. 'ಟಪ್' ಎನ್ನಬೇಕಾದದ್ದು 'ಪುಸ್' ಎಂದಿತು. ಗುಂಡು ಕಾಗದದ ಕೆಳಗೆ ಎಲ್ಲೋ ಬಿತ್ತು. ಬಂದೂಕು ಬಗ್ಗಿಸಿದಾಗ ಸನ್ನೆಕೋಲಿನ ಸಂದಿಯಿಂದ ಬೆಲ್ಲದ ಪುಡಿಯಂಥ ಕಂದು ಚೂರುಗಳು ಉದುರಿದವು.

ಅದು ಪಿಸ್ಟನ್ನಿನ ಸೀಲು. ಆ ಕಾಲದ ಡಯಾನಾಗಳಿಗೆ ಹಾಕಿದ್ದ ಪ್ಲಾಸ್ಟಿಕ್ಕಿಗೆ ಇದೇ ರೋಗ. ಬಳಸಿದರೂ ಬಳಸದಿದ್ದರೂ ವರ್ಷಗಳು ಕಳೆದಂತೆ ತಾನಾಗಿ ಪುಡಿಯಾಗುತ್ತದೆ. 'ಒಮ್ಮೆಯೂ ಬಳಸಿಲ್ಲ, ಹೊಸದರಂತೆ ಇದೆ' ಎಂಬ ಮಾತನ್ನು ನಂಬಿ ಪೂರಾ ಬೆಲೆ ಕೊಡಬಾರದು ಎನ್ನುವುದು ಇದಕ್ಕೇ. ಅದಕ್ಕಿಂತ ಮೊದಲಿನ ಬಿ.ಎಸ್.ಎ.ಗಳಿಗೆ ತೊಗಲಿನ ವಾಷರ್ ಇತ್ತು. ಅದು ಒಣಗಿದರೆ ಹೊಸ ತೊಗಲು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಕೂರಿಸಿದರೆ ಮುಗಿಯಿತು. ನನ್ನ ಕೇಳಿದರೆ ಹಳೇ ತೊಗಲೇ ಎಷ್ಟೋ ಮೇಲು.

ಉಳಿದದ್ದನ್ನು ಒಂದೊಂದಾಗಿ ನೋಡಿದೆ. ತಿರುಪುಗಳ ತಲೆ ಹರಿದಿರಲಿಲ್ಲ, ಅಂದರೆ ಯಾರೂ ಅಡ್ಡಾದಿಡ್ಡಿ ಬಿಚ್ಚಿಲ್ಲ. ನಳಿಕೆಯ ಒಳಗೆ ತುಕ್ಕಿಲ್ಲ. ಮರದಲ್ಲಿ ಬಿರುಕಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಹಿಂದಿನ ಕಿಂಡಿಗಣ್ಣು, ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ, ಪೆಟ್ಟಿಗೆಯಲ್ಲಿ ಹಾಗೇ ಇತ್ತು. ಎಷ್ಟೋ ಹಳೆಯ ಬಂದೂಕುಗಳಲ್ಲಿ ಅದೇ ಕಳೆದುಹೋಗಿರುತ್ತದೆ. ಅದಿಲ್ಲದೆ ಕೊಂಡರೆ ಮೂಗುತಿಗೆ ಚಿನ್ನವಿಲ್ಲದೆ ಮದುವೆಗೆ ಹೊರಟಂತೆ.

ಆಮೇಲೆ ಅಳಿಯನ ಕೈಗೆ ಕೊಟ್ಟೆ. ಐದು ಕಿಲೋ ಹತ್ತಿರದ ಭಾರ. ಹುಡುಗ ಹಲ್ಲು ಕಚ್ಚಿ ಭುಜಕ್ಕೆ ಏರಿಸಿದ. ಅರ್ಧ ನಿಮಿಷಕ್ಕೆ ನಳಿಕೆಯ ತುದಿ ತೊಟ್ಟಿಲಿನಂತೆ ತೂಗತೊಡಗಿತು. ಭಾವ ನನ್ನ ಮುಖ ನೋಡಿದರು. ನಾನು ಸತ್ಯವನ್ನೇ ಹೇಳಿದೆ. "ಭಾವ, ಇದು ಮಗುವಿನ ಬಂದೂಕಲ್ಲ. ಅವನಿಗೆ ಹಗುರವಾದ ಸ್ವದೇಶಿಯದು ಕೊಡಿಸಿ. ಪ್ರೆಸಿಹೋಲ್‌ನವರದು ಇದೆ, ಹಳೆಯದೇ ಬೇಕೆಂದರೆ ಹ್ಯೂಮ್ ಪೈಪ್‌ನವರ ಐ.ಎಚ್.ಪಿ. ಇದೆ." ಸಿಮೆಂಟು ಪೈಪು ಮಾಡುವ ಕಂಪನಿಯೇ ಏರ್ ರೈಫಲ್ಲೂ ಮಾಡುತ್ತಿತ್ತೆಂದರೆ ಅಳಿಯ ಇಂದಿಗೂ ನಂಬುವುದಿಲ್ಲ.

ಹುಡುಗನ ಮುಖ ಬಾಡಿತು. ಆ ತಾಯಿ ಅದನ್ನು ಗಮನಿಸಿದರು. ಕಾಫಿ ತಂದಿಟ್ಟು ಅವನನ್ನೇ ಕೇಳಿದರು: "ತಂಬಿ, ಈ ತುಪಾಕಿ ಸಿಕ್ಕಿದರೆ ಏನು ಹೊಡೀತೀ? ಹಕ್ಕಿ ಹೊಡೀತೀಯಾ?" ಅವನು ಇಲ್ಲವೆಂದು ತಲೆಯಾಡಿಸಿದ. "ನಮ್ಮವರು ಒಂದು ಗುಬ್ಬಿಗೂ ಗುರಿ ಇಡಲಿಲ್ಲ. ಬಂದವರೆಲ್ಲ ಮೊದಲು ಕೇಳಿದ್ದು ಮಾತ್ರ, ಇದರಲ್ಲಿ ಪಾರಿವಾಳ ಬೀಳುತ್ತದೆಯೇ ಅಂತ. ಅದಕ್ಕೇ ಕೊಡಲಿಲ್ಲ" ಎಂದರು.

ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ, ಕೊಳ್ಳೇಗಾಲದ ನಮ್ಮ ತೋಟದಲ್ಲಿ, ಕಡ ತಂದ ಏರ್ ಗನ್ನಿನಿಂದ ನಾನೊಂದು ಬೆಳವನ ಹಕ್ಕಿಯನ್ನು ಕೆಡವಿದ್ದೆ. ಅದು ಸತ್ತಿರಲಿಲ್ಲ. ರೆಕ್ಕೆ ಮುರಿದು ಬೇಲಿಯ ಬುಡದಲ್ಲಿ ಕುಳಿತು ನನ್ನನ್ನೇ ನೋಡುತ್ತಿತ್ತು. ಎತ್ತಿಕೊಳ್ಳುವ ಧೈರ್ಯವಾಗದೆ ಮನೆಗೆ ಓಡಿದೆ. ಸಂಜೆ ಹೋಗಿ ನೋಡಿದಾಗ ಅಲ್ಲಿ ಗರಿಗಳು ಮಾತ್ರ ಇದ್ದವು. ಐವತ್ತು ವರ್ಷ ಯಾರಿಗೂ ಹೇಳದ ಈ ಮಾತನ್ನು ಅಂದು ಹಿಂದಿರುಗುವಾಗ ಬಸ್ಸಿನಲ್ಲಿ ಅಳಿಯನಿಗೆ ಹೇಳಿದೆ. ಸಲೀಂ ಅಲಿಯವರ ವಿಷಯವನ್ನೂ ಹೇಳಿದೆ. ಅವರೂ ಹುಡುಗರಾಗಿದ್ದಾಗ ಏರ್ ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಕೊರಳಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಹಕ್ಕಿ ಎಂದು ಕೇಳಲು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಸಾಹೇಬರು ಗದರಿಸದೆ, ಕಪಾಟು ಕಪಾಟು ಹಕ್ಕಿಗಳನ್ನು ತೋರಿಸಿದರು. ಆ ಹುಡುಗ ಭಾರತದ ಹಕ್ಕಿಗಳ ಮಹಾ ವಿದ್ವಾಂಸನಾದ. ಅವರ ಹೆಸರು ಹೊತ್ತ ಸಂಶೋಧನಾ ಕೇಂದ್ರ 1990ರಲ್ಲಿ ಆರಂಭವಾದದ್ದು ನಮ್ಮ ಕೊಯಮತ್ತೂರಿನ ಆನೈಕಟ್ಟಿಯಲ್ಲೇ.

"ಹಾಗಾದರೆ ನೀವೂ ಯಾರನ್ನಾದರೂ ಕೇಳಬೇಕಿತ್ತು ಮಾವ" ಎಂದ ಹುಡುಗ. ಏನು ಹೇಳಲಿ?

ತಿರುಪ್ಪೂರಿನಲ್ಲಿ ಈ ಮಾತು ಇನ್ನೂ ಹತ್ತಿರದ್ದು. ಊರ ಪಕ್ಕದ ನಂಜರಾಯನ್ ಕೆರೆ 2022ರಲ್ಲಿ ಪಕ್ಷಿಧಾಮವಾಯಿತು, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಕಾಡುಹಕ್ಕಿಗಳಿಗೆ ಗುಂಡು ಹೊಡೆಯುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಏರ್ ಗನ್ ತಾನೇ ಎಂದು ಬಿಡುವುದಿಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಸರ್ಕಾರವೇ ಜನರಿಗೆ ಏರ್ ಗನ್ ಒಪ್ಪಿಸಿರೆಂದು ಕರೆ ಕೊಟ್ಟಾಗ ಹಳ್ಳಿ ಹಳ್ಳಿಯವರು ತಂದೊಪ್ಪಿಸಿದರು. ಮಕ್ಕಳಿಗೆ ಬಂದೂಕು ಕೊಡಿಸುವ ತಂದೆತಾಯಿಯರು ಗುರಿಹಲಗೆ ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದನ್ನು ಬಂದೂಕಿಗಿಂತ ಮೊದಲು ತೀರ್ಮಾನಿಸಬೇಕು. ನಮ್ಮ ಭಾವನ ಮನೆಗೆ ಆಚೆ ಈಚೆ ಬಾಲ್ಕನಿಗಳು. ಅಲ್ಲಿ ಜಾಗವೇ ಇಲ್ಲ.

ನನ್ನ ಹಿತ್ತಲಲ್ಲಿ ಇದೆ. ಹದಿನೈದು ಅಡಿಯ ಕಲ್ಲುಗೋಡೆ, ಹಿಂದೆ ಯಾರೂ ಓಡಾಡದ ಜಾಗ. ಒಂದು ವಾರ ನಿದ್ದೆಗೆಟ್ಟು ಯೋಚಿಸಿ ಆ ತಾಯಿಯ ಮನೆಗೆ ಮತ್ತೆ ಹೋದೆ. "ನಾನೇ ಕೊಳ್ಳುತ್ತೇನಮ್ಮ" ಎಂದೆ. ಕೆಟ್ಟ ಸೀಲಿನ ಮಾತು ಬಿಚ್ಚಿ ಹೇಳಿ ಒಂದು ಬೆಲೆ ಹೇಳಿದೆ. ಅವರು ಅದರಲ್ಲೂ ಇನ್ನೂರು ರೂಪಾಯಿ ಹಿಂದಕ್ಕೆ ಕೊಟ್ಟು, "ತಂಬಿಗೆ ಗುಂಡು ವಾಂಗಿ ಕೊಡಿ" ಎಂದರು.

ಗಣಪತಿ ಕಡೆಯ ಲೇತಿನ ಗೆಳೆಯನೊಬ್ಬನ ಬಳಿ ಒಯ್ದೆ. ಈ ಊರಿನಲ್ಲಿ ಲೇತಿನ ಮೇಲೆ ಆಗದ ಕೆಲಸವಿಲ್ಲ. ಪಾಲಿಯುರಿಥೇನ್ ಕಡ್ಡಿಯಿಂದ ಎರಡು ಸೀಲು ಕಡೆದುಕೊಟ್ಟ. ಕಷ್ಟವಾದದ್ದು ಜೋಡಿಸುವುದು. ಎರಡು ಪಿಸ್ಟನ್ನುಗಳ ಹಲ್ಲು ಸರಿಯಾಗಿ ಕೂಡಬೇಕು. ಮೊದಲ ಸಲ ಒಂದು ಹಲ್ಲು ತಪ್ಪಿ, ಸನ್ನೆಕೋಲು ಅರ್ಧಕ್ಕೆ ಸಿಕ್ಕಿಕೊಂಡಿತು. ಮತ್ತೆ ಬಿಚ್ಚಿ, ಗುರುತು ಹಾಕಿಕೊಂಡು, ಮೂರನೇ ದಿನ ಕೂಡಿಸಿದೆವು. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಎರಡು ದಿನ ಉಳಿಯುತ್ತಿತ್ತು. ಎಣ್ಣೆಯ ಆಸೆಗೆ ಮಾತ್ರ ಬೀಳಬೇಡಿ. ಗಾಳಿ ಒತ್ತುವ ಕೋಣೆಗೆ ಸಾಮಾನ್ಯ ಎಂಜಿನ್ ಎಣ್ಣೆ ಬಿಟ್ಟರೆ ಅದು ಒಳಗೇ ಹೊತ್ತಿಕೊಂಡು ಸಿಡಿಯುತ್ತದೆ, ಹೊಸ ಸೀಲೂ ಹಾಳಾಗುತ್ತದೆ. ಗುಂಡಿಲ್ಲದೆ ಬರಿದೇ ಕುದುರೆ ಎಳೆಯುವುದೂ ಅಷ್ಟೇ ಕೆಟ್ಟದ್ದು.

ಈಗ ತಿಂಗಳಿಗೆ ಎರಡು ಭಾನುವಾರ ಅಳಿಯ ತಿರುಪ್ಪೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಾನೆ. ನಿಂತು ಹೊಡೆಯಲು ಇನ್ನೂ ಕೈ ಬಲಿತಿಲ್ಲ. ಮೇಜಿನ ಮೇಲೆ ಮರಳುಚೀಲ ಇಟ್ಟು, ಕಣ್ಣಿಗೆ ಕನ್ನಡಕ ಹಾಕಿ, ಕುಳಿತು ಹೊಡೆಯುತ್ತಾನೆ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಇಡ್ಲಿ ಕೊಡುವುದಿಲ್ಲ, ಗುಂಡುಗಳು ಸೀಸದವು. ಬಂದೂಕು ನನ್ನ ಬೀರುವಿನ ಒಳಗೆ, ಬೀಗದಲ್ಲಿ. ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿ, ಅದರ ಕೀಲಿ ನನ್ನ ಹೆಂಡತಿಯ ಸೆರಗಿನಲ್ಲಿ.

ಹತ್ತು ಗುಂಡುಗಳು ಒಂದು ರೂಪಾಯಿ ನಾಣ್ಯದೊಳಗೆ ಕುಳಿತ ಮೊದಲ ಕಾಗದವನ್ನು ಅವನೇ ಆ ಮನೆಗೆ ಕೊಂಡೊಯ್ದು ಕೊಟ್ಟ. ಮುಂದಿನ ಸಲ ನಾವು ಹೋದಾಗ ಅದು ಆ ಬೀರುವಿನ ಬಾಗಿಲಿಗೆ, ಯಜಮಾನರ ಫೋಟೋದ ಕೆಳಗೆ, ಅನ್ನದ ಅಗುಳಿನಿಂದ ಅಂಟಿಕೊಂಡಿತ್ತು.