ಬಯಕೆಯ ಬೇರು

ಹೊಸ ವರ್ಷದ ಮೊದಲ ದಿನ ಮನೆಮನೆಯಲ್ಲಿಯೂ ಸಂಕಲ್ಪಗಳು ಹುಟ್ಟುತ್ತವೆ. ಮುಂಜಾನೆ ಐದಕ್ಕೆ ಏಳಬೇಕು; ಸಂಬಳದಲ್ಲಿ ಒಂದು ಪಾಲನ್ನು ಉಳಿಸಬೇಕು; ಅರ್ಧಕ್ಕೆ ಬಿಟ್ಟ ವೀಣೆಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ದಿನಚರಿಯ ಮೊದಲ ಹಾಳೆಗಳು ಮುದ್ದಾದ ಅಕ್ಷರಗಳಿಂದ ತುಂಬುತ್ತವೆ. ಹದಿನೈದನೆಯ ಹಾಳೆಯಿಂದಾಚೆಗೆ ಹಾಲಿನ ಲೆಕ್ಕವು ಬರುತ್ತದೆ! ಇದನ್ನು ಹಿರಿಯರು ಆರಂಭಶೂರತ್ವವೆಂದು ಕರೆದು, ದೋಷವನ್ನೆಲ್ಲ ಸೋಮಾರಿತನದ ತಲೆಗೆ ಕಟ್ಟಿದರು. ಆದರೆ ಸೋಮಾರಿಯಲ್ಲದವನ ಸಂಕಲ್ಪವೂ ಮುರಿಯುವುದುಂಟು. ‘ಮನಸ್ಸಿದ್ದರೆ ಮಾರ್ಗ’ ಎಂಬ ಗಾದೆಯು ಸುಳ್ಳಲ್ಲ. ಮನಸ್ಸು ನಿಜವಾಗಿ ಬೇಡುತ್ತಿರುವುದೇನು ಎಂಬುದನ್ನು ಮಾತ್ರ ಅದು ತಿಳಿಸುವುದಿಲ್ಲ.

ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರ ಕಥೆಯು ಕನ್ನಡಿಗರಿಗೆ ಅಪರಿಚಿತವಲ್ಲ. ಒಂದು ದಿನ ವಿದೇಶೀಯರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ವಿಚಾರಿಸಿದರು. ಶಾಲೆಯ ಮೆಟ್ಟಿಲು ಹತ್ತದ ಹಾಜಬ್ಬನವರಿಗೆ ಪ್ರಶ್ನೆಯು ಅರ್ಥವಾಗಲಿಲ್ಲ. ಕೇಳಿದವರು ಹೊರಟುಹೋದರು, ಅವರು ಬಿಟ್ಟುಹೋದ ನಾಚಿಕೆಯು ಮಾತ್ರ ಹೋಗಲಿಲ್ಲ.

ಈ ಪ್ರಸಂಗದಿಂದ ಹುಟ್ಟಬಹುದಾಗಿದ್ದ ಸುಲಭವಾದ ಗುರಿಯೊಂದಿತ್ತು: ವ್ಯಾಪಾರಕ್ಕೆ ಬೇಕಾದ ನಾಲ್ಕು ಇಂಗ್ಲಿಷ್ ಮಾತುಗಳನ್ನು ಕಲಿತುಕೊಳ್ಳುವುದು. ಅದಕ್ಕೆ ಕೆಲವು ದಿನಗಳು ಸಾಕಾಗಿದ್ದುವು. ಆದರೆ ಅವರ ನೋವು ಅಷ್ಟರಲ್ಲಿ ಮುಗಿಯುವಂತಹುದಾಗಿರಲಿಲ್ಲ. ಅವರ ಊರಾದ ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ. ಅಲ್ಲಿಯ ಮಕ್ಕಳೂ ನಾಳೆ ಹೀಗೆಯೇ ತಲೆ ತಗ್ಗಿಸಿ ನಿಲ್ಲಬೇಕಲ್ಲವೇ ಎಂಬ ಅಳಲು ನಾಚಿಕೆಯ ಅಡಿಯಲ್ಲಿ ಅಡಗಿತ್ತು. ಅದು ಕೈಗೆ ಸಿಕ್ಕಿದೊಡನೆ ಗುರಿಯ ರೂಪವೇ ಬದಲಾಯಿತು. ಹಣ್ಣು ಮಾರಿದ ಹಣದಲ್ಲಿ ಉಳಿಸಿದರು, ಕಚೇರಿಗಳಿಗೆ ಅಲೆದರು. 2000ನೆಯ ಇಸವಿಯಲ್ಲಿ ಊರಿಗೆ ಶಾಲೆಯು ಬಂದಿತು. 2021ರ ನವೆಂಬರಿನಲ್ಲಿ ಪದ್ಮಶ್ರೀಯನ್ನು ಸ್ವೀಕರಿಸಲು ಅವರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿಯೇ ನಡೆದುಬಂದುದನ್ನು ದೇಶವೆಲ್ಲ ನೋಡಿತು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರ ಬಾಳು ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಆಕೆಗೂ ಪತಿ ಚಿಕ್ಕಯ್ಯನವರಿಗೂ ಮಕ್ಕಳಾಗಲಿಲ್ಲ. ಆ ಬಯಕೆಗೆ ಬಾಗಿಲು ಮುಚ್ಚಿತ್ತು. ಆದರೆ ಬಯಕೆಯ ಒಳಗೆ ಇನ್ನೊಂದು ಬಯಕೆಯಿತ್ತು: ಎಳೆಯದೊಂದು ಜೀವವನ್ನು ಕಾಪಾಡಿ ಬೆಳೆಸಬೇಕೆಂಬುದು. ಅದಕ್ಕೆ ಯಾವ ಬಾಗಿಲೂ ಮುಚ್ಚಿರಲಿಲ್ಲ. ದಂಪತಿಗಳು ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸುಮಾರು 4 ಕಿಲೋಮೀಟರ್ ದಾರಿಯುದ್ದಕ್ಕೂ ಆಲದ ಸಸಿಗಳನ್ನು ನೆಟ್ಟರು. ಕೊಡದಲ್ಲಿ ನೀರು ಹೊತ್ತರು. ದನಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ ನಾಡು ಸ್ಮರಿಸಿದುದು ಆ 385 ಆಲದ ಮರಗಳನ್ನು. ಕೀರ್ತಿಗಾಗಿ ನೆಟ್ಟ ಸಸಿಗೆ ಎರಡನೆಯ ಬೇಸಗೆಯಲ್ಲಿ ನೀರೆರೆಯುವವರು ವಿರಳ. ಮಗುವೆಂದು ನೆಟ್ಟುದನ್ನು ಒಣಗಲು ಬಿಡುವ ತಾಯಿಯಿಲ್ಲ.

ಗುರಿಯೆಂಬುದು ಕೊಂಬೆ, ಅದನ್ನು ಹಿಡಿದು ನಿಲ್ಲಿಸಿರುವ ಭಾವವು ಬೇರು. ಸಾಧಾರಣ ಸಂಸಾರಗಳಲ್ಲಿಯೂ ಹೀಗೆಯೇ. ಸ್ವಂತ ಮನೆಗಾಗಿ ಹಂಬಲಿಸುವ ಗೃಹಸ್ಥನಿಗೆ ಬೇಕಾಗಿರುವುದು ಇಟ್ಟಿಗೆ ಗಾರೆಗಳಲ್ಲದಿರಬಹುದು. ಬಾಲ್ಯದಲ್ಲಿ ಬಾಡಿಗೆ ಮನೆಯ ಪಾತ್ರೆಗಳನ್ನು ಬೀದಿಯಲ್ಲಿ ಕಂಡ ಮಗುವಿನ ಭಯವು ಇನ್ನೂ ಒಳಗೆ ನಡುಗುತ್ತಿರಬಹುದು. ಅದನ್ನರಿತವನು ಸಣ್ಣದೊಂದು ಮನೆಯಲ್ಲಿ ನೆಮ್ಮದಿಯಾಗಿ ನಿದ್ರಿಸುತ್ತಾನೆ. ಅರಿಯದವನು ನೆರೆಯವನ ಮಹಡಿಯನ್ನು ನೋಡುತ್ತ ಸಾಲದ ಮೇಲೆ ಸಾಲ ಮಾಡುತ್ತಾನೆ.

ಇದಕ್ಕಿಂತಲೂ ಗಂಭೀರವಾದುದು ತಾನರಿಯದ ನೋವನ್ನು ಮಕ್ಕಳ ಹೆಗಲಿಗೆ ಹೊರಿಸುವುದು. ಮಗನು ಎಂಜಿನಿಯರನಾಗಲೇಬೇಕೆಂದು ತಂದೆಯೊಬ್ಬನು ಹಟ ಹಿಡಿಯುತ್ತಾನೆ. ಕಚೇರಿಯಲ್ಲಿ ಮೇಲಧಿಕಾರಿಯ ಮುಂದೆ ಮೂವತ್ತು ವರ್ಷ ಕೈಕಟ್ಟಿ ನಿಂತ ಅವಮಾನವು ಆ ಹಟದ ಬೇರು. ಹುಡುಗನಿಗೋ ಚಿತ್ರಕಲೆಯಲ್ಲಿ ಆಸಕ್ತಿ. ಪರೀಕ್ಷೆಯ ಅಂಕಗಳು ಇಳಿದಂತೆಲ್ಲ ಮನೆಯಲ್ಲಿ ಮಾತು ಇಳಿಯುತ್ತದೆ. ತನಗೆ ಬೇಕಾಗಿರುವುದು ಮಗನು ಯಾರ ಮುಂದೆಯೂ ತಲೆ ತಗ್ಗಿಸದಿರುವುದು, ಅದಕ್ಕೆ ದಾರಿಗಳು ಹಲವುಂಟು ಎಂದು ತಂದೆಯು ಕಂಡುಕೊಂಡ ದಿನ, ಆ ಮನೆಯಲ್ಲಿ ಇಬ್ಬರಿಗೆ ಬಿಡುಗಡೆ.

ಬೇರನ್ನು ಹುಡುಕಲು ದೊಡ್ಡ ಶಾಸ್ತ್ರವೇನೂ ಬೇಡ. ಸಂಕಲ್ಪವನ್ನು ಬರೆದ ಹಾಳೆಯ ಕೆಳಗೆ ‘ಇದು ಏಕೆ ಬೇಕು?’ ಎಂದು ಬರೆದು, ಬಂದ ಉತ್ತರಕ್ಕೆ ಮತ್ತೆ ಅದೇ ಪ್ರಶ್ನೆಯನ್ನು ಹಾಕುತ್ತ ಹೋಗಬೇಕು. ಮೊದಲ ಉತ್ತರಗಳು ಬಂಧುಗಳ ಮುಂದೆ ಹೇಳುವಂತಹವು. ಕೊನೆಯದು ಗಂಟಲನ್ನು ಹಿಡಿಯುವಂತಹುದು. ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ ಎಂದಾದಾಗಲೂ ಆ ಬಯಕೆಯು ನಿಂತರೆ, ಅದು ತನ್ನದೇ. ನಿಲ್ಲದಿದ್ದರೆ ಅದು ನೆರೆಮನೆಯಿಂದ ಕಡ ತಂದುದು, ಹಿಂದಿರುಗಿಸಿದರೆ ನಷ್ಟವಿಲ್ಲ.

ಹುಡುಕಿದಾಗ ಕೆಲವೊಮ್ಮೆ ಸಿಗುವುದು ಮತ್ಸರ, ಕೆಲವೊಮ್ಮೆ ಹಳೆಯ ಹಗೆ. ಅದಕ್ಕೂ ಬೆದರಬೇಕಾಗಿಲ್ಲ. ಹಾಜಬ್ಬನವರಿಗೆ ಮೊದಲು ಸಿಕ್ಕಿದುದೂ ನಾಚಿಕೆಯೇ ಅಲ್ಲವೇ? ಅವರು ಅದನ್ನು ಅಡಗಿಸಿಡದೆ ಅದರ ಅಡಿಯವರೆಗೆ ಅಗೆದರು, ಅಲ್ಲಿ ನೀರಿತ್ತು.