ಕಮಾನ್ ಪಟ್ಟಿ ಹೆಚ್ಚಿಸಿದರೆ ಟ್ರೈಲರ್‌ಗೆ ಬಲ ಬಾರದು

ಹೋಟೆಲ್ ಉದ್ಯಮದಷ್ಟು ಸುದ್ದಿಯಾಗದಿದ್ದರೂ ಸಾರಿಗೆ ವ್ಯವಹಾರದಲ್ಲಿ ಬೆವರು ಸುರಿಸಿ ಬದುಕು ಕಟ್ಟಿಕೊಂಡ ಕನ್ನಡಿಗರು ಮುಂಬಯಿ, ನವಿಮುಂಬಯಿ ಪರಿಸರದಲ್ಲಿ ಇದ್ದಾರೆ. 1989ರಲ್ಲಿ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಕಾರ್ಯಾರಂಭ ಮಾಡಿದ ಮೇಲೆ ಉರಣ್, ಪನ್ವೇಲ್, ಕಳಂಬೋಲಿ ಭಾಗದಲ್ಲಿ ಕಂಟೈನರ್ ಮತ್ತು ಉಕ್ಕು ಸಾಗಾಟದ ಕೆಲಸ ಬೆಳೆಯಿತು. ಚಾಲಕರಾಗಿ ಬಂದು, ಬ್ಯಾಂಕ್ ಸಾಲ ಮಾಡಿ ಒಂದೋ ಎರಡೋ ಟ್ರೈಲರ್‌ಗಳ ಮಾಲೀಕರಾಗುವವರ ಶ್ರಮ ಪ್ರಶಂಸನೀಯ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಮಾಲೀಕರು ಟ್ರೈಲರ್ ಕೊಳ್ಳುವಾಗ ಒಂದು ವಿಷಯದಲ್ಲಿ ಮಾತ್ರ ಉದಾಸೀನ ತೋರುವುದು ಕಂಡುಬರುತ್ತದೆ. ಅದು ಸಸ್ಪೆನ್ಶನ್‌ನ ಆಯ್ಕೆ.

ಎಂಜಿನ್ ಯಾವುದು, ಟೈರ್ ಯಾವುದು, ಕಂತು ಎಷ್ಟು ಎಂದು ಹತ್ತು ಕಡೆ ವಿಚಾರಿಸುವವರು, ಹಿಂದಿನ ಆಕ್ಸಲ್‌ಗಳ ಮೇಲೆ ಭಾರವನ್ನು ಹೊರುವ ವ್ಯವಸ್ಥೆಯನ್ನು ಬಾಡಿ ಕಟ್ಟುವವರ ಇಚ್ಛೆಗೆ ಬಿಟ್ಟುಬಿಡುತ್ತಾರೆ. ಆಮೇಲೆ ಭಾರ ಹೆಚ್ಚಾಯಿತೆಂದರೆ ಗ್ಯಾರೇಜಿಗೆ ಹೋಗಿ ಇನ್ನೆರಡು ಕಮಾನ್ ಪಟ್ಟಿ ಹಾಕಿಸುತ್ತಾರೆ. ಟ್ರೈಲರ್ ಬಲವಾಯಿತು ಎಂಬ ಸಮಾಧಾನದಿಂದ ಹಿಂದಿರುಗುತ್ತಾರೆ. ಈ ಸಮಾಧಾನವೇ ಅಪಾಯಕಾರಿ.

ಸಸ್ಪೆನ್ಶನ್ ಎಂದರೆ ಕೇವಲ ಕುಲುಕಾಟ ತಡೆಯುವ ಸಾಧನವಲ್ಲ. ಭಾರವನ್ನು ಎಲ್ಲ ಆಕ್ಸಲ್‌ಗಳಿಗೆ ಸಮನಾಗಿ ಹಂಚುವುದು ಅದರ ಮೊದಲ ಕೆಲಸ. ಮೂರು ಆಕ್ಸಲ್‌ಗಳ ಮೇಲೆ 27 ಟನ್ ಇದ್ದರೆ ತಲಾ 9 ಟನ್ ಬೀಳಬೇಕು. ಕಮಾನ್ ಪಟ್ಟಿಯ ಸಸ್ಪೆನ್ಶನ್‌ನಲ್ಲಿ ಈ ಹಂಚಿಕೆಯನ್ನು ಮಾಡುವುದು ಆಕ್ಸಲ್‌ಗಳ ನಡುವೆ ತಕ್ಕಡಿಯಂತೆ ತೂಗುವ ಈಕ್ವಲೈಸರ್. ಅದರ ಬುಷ್ ಸವೆದರೆ ಅಥವಾ ತುಕ್ಕು ಹಿಡಿದು ಬಿಗಿದುಕೊಂಡರೆ ಒಂದು ಆಕ್ಸಲ್ ತನ್ನ ಪಾಲನ್ನು ಮೀರಿ ಹೊರಬೇಕಾಗುತ್ತದೆ. ಅದೇ ಆಕ್ಸಲ್‌ನ ಟೈರ್ ಪದೇ ಪದೇ ಸಿಡಿಯುತ್ತದೆ. ಮಾಲೀಕರು ಟೈರ್ ಕಂಪನಿಯನ್ನು ದೂರುತ್ತಾರೆ.

ಪಟ್ಟಿ ಹೆಚ್ಚಿಸಿದಾಗ ಆಗುವುದೇನು? ಕಮಾನ್ ಮಾತ್ರ ಗಟ್ಟಿಯಾಗುತ್ತದೆ. ಆಕ್ಸಲ್, ಬೇರಿಂಗ್, ಬ್ರೇಕ್ ಡ್ರಮ್, ಟೈರ್, ಚಾಸಿ ಯಾವುದಕ್ಕೂ ಒಂದು ಕಿಲೋದಷ್ಟು ಹೆಚ್ಚಿನ ಶಕ್ತಿ ಬರುವುದಿಲ್ಲ. ಖಂಡಾಲಾ ಘಾಟಿಯಲ್ಲೋ ಶಿರಾಡಿ ಘಾಟಿಯಲ್ಲೋ ಇಳಿಯುವಾಗ ವಾಹನವನ್ನು ಹಿಡಿದು ನಿಲ್ಲಿಸಬೇಕಾದದ್ದು ಬ್ರೇಕ್, ಕಮಾನ್ ಅಲ್ಲ. ಹೆಚ್ಚುವರಿ ಭಾರದಿಂದ ಡ್ರಮ್ ಕಾದು ಹಿಡಿತ ತಪ್ಪಿದರೆ ಪಟ್ಟಿಗಳು ಎಷ್ಟಿದ್ದರೂ ಪ್ರಯೋಜನವಿಲ್ಲ. ಇನ್ನು ಖಾಲಿ ಬರುವಾಗ ಅತಿ ಗಟ್ಟಿಯಾದ ಕಮಾನ್‌ನಿಂದಾಗಿ ಚಕ್ರಗಳು ರಸ್ತೆಯ ಮೇಲೆ ಪುಟಿಯುತ್ತವೆ. ಬ್ರೇಕ್ ಹಾಕಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಹೀಗೆ ಹೋಗುವಾಗಲೂ ಬರುವಾಗಲೂ ಚಾಲಕನ ಪ್ರಾಣಕ್ಕೆ ಸಂಚಕಾರ.

2018ರ ಜುಲೈಯಲ್ಲಿ ಕೇಂದ್ರ ಸರಕಾರವು ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ಮೂರು ಆಕ್ಸಲ್‌ಗಳ ಗುಂಪಿಗೆ 24 ಟನ್ ಇದ್ದದ್ದು 27 ಟನ್ ಆಯಿತು, ಟ್ರೈಲರ್ ಸಹಿತ ವಾಹನದ ಒಟ್ಟು ತೂಕದ ಮಿತಿ 49 ಟನ್‌ನಿಂದ 55 ಟನ್‌ಗೆ ಏರಿತು. ಹೊಸ ಮಿತಿಗೆ ತಕ್ಕಂತೆ ತಯಾರಾದ ಟ್ರೈಲರ್‌ಗಳ ಮಟ್ಟಿಗೆ ಇದು ಅನುಕೂಲವೇ ಸರಿ. ಆದರೆ 24 ಟನ್‌ಗೆಂದೇ ಕಟ್ಟಿದ ಹಳೆಯ ಟ್ರೈಲರ್‌ನ ಆಕ್ಸಲ್, ರಾಜಪತ್ರದಲ್ಲಿ ಅಂಕಿ ಬದಲಾದ ಮಾತ್ರಕ್ಕೆ ಬಲಗೊಳ್ಳುವುದಿಲ್ಲ. ಹಳೆಯ ಟ್ರೈಲರ್ ಕೊಳ್ಳುವವರು ಅದು ಯಾವ ವರ್ಷದ್ದು, ಆಕ್ಸಲ್ ಮತ್ತು ಸಸ್ಪೆನ್ಶನ್‌ಗೆ ತಯಾರಕರು ನಿಗದಿಪಡಿಸಿದ ಭಾರ ಎಷ್ಟು ಎಂದು ಲೋಹದ ಪಟ್ಟಿಕೆಯಲ್ಲಿ ಅಥವಾ ಕಾಗದಪತ್ರದಲ್ಲಿ ನೋಡಿಯೇ ಮುಂಗಡ ಕೊಡಬೇಕು.

ಹಾಗಾದರೆ ಆಯ್ಕೆ ಹೇಗೆ? ಮೊದಲು ಸರಕು ಯಾವುದೆಂದು ನಿರ್ಧರಿಸಬೇಕು. ಬಂದರಿನ ಕಂಟೈನರ್‌ಗಳಲ್ಲಿ ಸಾಮಾನ್ಯವಾದ ಗರಿಷ್ಠ ತೂಕ 30.48 ಟನ್. 20 ಅಡಿಯ ಪೆಟ್ಟಿಗೆಗೂ 40 ಅಡಿಯ ಪೆಟ್ಟಿಗೆಗೂ ಈ ಅಂಕಿ ಒಂದೇ ಇರಬಹುದು. ಭಾರವಾದ 20 ಅಡಿಯ ಪೆಟ್ಟಿಗೆಯನ್ನು 40 ಅಡಿಯ ಟ್ರೈಲರ್‌ನ ಹಿಂಬದಿಗೆ ಕೂರಿಸಿದರೆ ಹೆಚ್ಚಿನ ಭಾರ ಹಿಂದಿನ ಆಕ್ಸಲ್‌ಗಳ ಮೇಲೆಯೇ ಬೀಳುತ್ತದೆ. ಉಕ್ಕಿನ ಕಾಯಿಲ್ ಆದರೆ ಇಡೀ ತೂಕ ಕೆಲವೇ ಅಡಿ ಜಾಗದಲ್ಲಿ ಕೂರುತ್ತದೆ. ಆದ್ದರಿಂದ ಒಟ್ಟು ಟನ್ ಎಷ್ಟು ಎಂಬುದರ ಜತೆಗೆ ಆ ಭಾರ ಎಲ್ಲಿ ಕೂರುತ್ತದೆ, ಎಷ್ಟು ಎತ್ತರವಿದೆ ಎಂಬುದೂ ಮುಖ್ಯ. ಎತ್ತರದ ಸರಕಿಗೆ ಮೆತ್ತನೆಯ ಸಸ್ಪೆನ್ಶನ್ ಇದ್ದರೆ ತಿರುವಿನಲ್ಲಿ ಟ್ರೈಲರ್ ವಾಲುತ್ತದೆ, ಮಗುಚಲೂಬಹುದು.

ಎರಡನೆಯದು ರಸ್ತೆ. ಹೆದ್ದಾರಿಯಲ್ಲೇ ಓಡುವ, ಗಾಜು ಅಥವಾ ಯಂತ್ರದಂತಹ ನಾಜೂಕು ಸರಕಿಗೆ ಗಾಳಿ ಚೀಲದ ಏರ್ ಸಸ್ಪೆನ್ಶನ್ ಉತ್ತಮ. ಅದರಲ್ಲಿ ಗಾಳಿಯ ಒತ್ತಡ ತೋರಿಸುವ ಗೇಜ್ ಇದ್ದರೆ ಆಕ್ಸಲ್ ಮೇಲಿನ ಭಾರದ ಅಂದಾಜನ್ನು ಚಾಲಕ ತಾನೇ ತಿಳಿಯಬಹುದು. ಆದರೆ ಚೀಲ ಒಡೆದರೆ ದುರಸ್ತಿ ಮಾಡುವವರು ಆ ದಾರಿಯಲ್ಲಿ ಸಿಗಬೇಕು. ಗಣಿ, ಕ್ವಾರಿ, ಕಟ್ಟಡ ಕಾಮಗಾರಿಯ ಹಳ್ಳ ತಿಟ್ಟಿನ ನೆಲಕ್ಕೆ ನಡುವಿನ ಒಂದೇ ಆಧಾರದ ಮೇಲೆ ತೂಗುವ ಬೋಗಿ ಮಾದರಿ ಒಗ್ಗುತ್ತದೆ. ಸಾಮಾನ್ಯ ಕಂಟೈನರ್, ಉಕ್ಕು ಸಾಗಾಟಕ್ಕೆ ಈಕ್ವಲೈಸರ್ ಇರುವ ಕಮಾನ್ ಪಟ್ಟಿಯೇ ಸಾಕು. ಬೆಲೆ ಕಡಿಮೆ, ಊರೂರಿನಲ್ಲಿ ಮೆಕ್ಯಾನಿಕ್‌ಗಳು ಸಿಗುತ್ತಾರೆ. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಂತಹ ಸರಕಿಗೆ ಪ್ರತಿ ಆಕ್ಸಲ್‌ಗೂ ಹೈಡ್ರಾಲಿಕ್ ಸಿಲಿಂಡರ್ ಇರುವ ಮಾಡ್ಯುಲರ್ ಟ್ರೈಲರ್ ಬೇಕು. ಅದು ಪ್ರತ್ಯೇಕ ಪರವಾನಗಿಯ ವ್ಯವಹಾರ. ಸಣ್ಣ ಮಾಲೀಕರು ಸಾಮಾನ್ಯ ಟ್ರೈಲರ್‌ನಲ್ಲಿ ಅಂತಹ ಸರಕಿಗೆ ಕೈಹಾಕುವುದು ಸಲ್ಲದು.

ಮೂರನೆಯದು ಆರೈಕೆ. ಹೊಸ ಟ್ರೈಲರ್ ಕೆಲವು ನೂರು ಕಿ.ಮೀ. ಓಡಿದ ಮೇಲೆ ಯು-ಬೋಲ್ಟ್‌ಗಳನ್ನು ತಯಾರಕರು ಹೇಳಿದ ಅಳತೆಗೆ ಮತ್ತೆ ಬಿಗಿಸಬೇಕು. ಟೈರ್ ಒಂದೇ ಬದಿ ಸವೆಯುತ್ತಿದ್ದರೆ ಟಾರ್ಕ್ ಆರ್ಮ್ ಮತ್ತು ಬುಷ್ ನೋಡಿಸಬೇಕು. ಈ ಖರ್ಚು ಒಂದು ಟೈರಿನ ಬೆಲೆಗೆ ಹೋಲಿಸಿದರೆ ಅಲ್ಪ.

ಪಾರ್ಟಿಯವರು ಟನ್ ಲೆಕ್ಕದಲ್ಲಿ ಬಾಡಿಗೆ ಕೊಡುತ್ತಾರೆ, ಒಬ್ಬರು ಒಲ್ಲೆ ಎಂದರೆ ಇನ್ನೊಬ್ಬರು ತುಂಬಿಸಿಕೊಂಡು ಹೋಗುತ್ತಾರೆ, ಕಂತು ಕಟ್ಟುವುದು ಹೇಗೆ ಎಂಬುದು ಸಣ್ಣ ಮಾಲೀಕರ ಅಳಲು. ಇದರಲ್ಲಿ ಸತ್ಯಾಂಶವಿದೆ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಅತಿಭಾರಕ್ಕೆ ದಂಡ 20,000 ರೂ., ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. ಚಾಲಕ ಮಾಲೀಕನಲ್ಲದಿದ್ದರೆ, ಅತಿಭಾರ ಹೇರಿದ್ದು ಮಾಲೀಕನ ಅರಿವಿನಿಂದಲೇ ಎಂದು ನ್ಯಾಯಾಲಯ ಭಾವಿಸಬಹುದು ಎಂದೂ ಕಾಯ್ದೆ ಹೇಳುತ್ತದೆ. ಅಂದರೆ ಚಾಲಕನ ಮೇಲೆ ಹೊರೆ ಹಾಕಿ ಮಾಲೀಕ ಜಾರಿಕೊಳ್ಳುವಂತಿಲ್ಲ.

ರಸ್ತೆಯ ಲೆಕ್ಕವೂ ಇದೆ. 1958ರಿಂದ 1960ರ ವರೆಗೆ ಅಮೆರಿಕಾದ ಇಲಿನಾಯ್ ರಾಜ್ಯದಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಹೊರಟ ಸೂತ್ರದ ಪ್ರಕಾರ, ಆಕ್ಸಲ್ ಭಾರ ಶೇ. 20ರಷ್ಟು ಹೆಚ್ಚಿದರೆ ರಸ್ತೆಗೆ ಆಗುವ ಹಾನಿ ಸುಮಾರು ಎರಡು ಪಟ್ಟು. ಇದಕ್ಕೆ ಸಾಕ್ಷಿ ಬೇಕಿದ್ದರೆ ತವರಿನ ಕಡೆಗೇ ನೋಡಬಹುದು. 2010ರ ವರೆಗಿನ ವರ್ಷಗಳಲ್ಲಿ ಬಳ್ಳಾರಿ ಕಡೆಯಿಂದ ಬೇಲೆಕೇರಿ ಬಂದರಿಗೆ ಸಾಗುತ್ತಿದ್ದ ಅದಿರಿನ ಲಾರಿಗಳು ದಾರಿಯನ್ನು ಏನು ಮಾಡಿದವೆಂದು ಉತ್ತರ ಕನ್ನಡದ ಜನ ಬಲ್ಲರು. ಲೋಕಾಯುಕ್ತ ನ್ಯಾ. ಸಂತೋಷ್ ಹೆಗ್ಡೆ ಅವರ ವರದಿಯಲ್ಲೂ ಮಿತಿಮೀರಿದ ಭಾರದ ವಿಷಯ ದಾಖಲಾಗಿದೆ. ಹಾಳಾದ ಆ ರಸ್ತೆಗಳಲ್ಲೇ ಲಾರಿ ಮಾಲೀಕರ ಕಮಾನ್‌ಗಳೂ ಮುರಿದವು.

ಸಂಘ ಸಂಸ್ಥೆಗಳು ವಿದ್ಯಾರ್ಥಿವೇತನ, ವೈದ್ಯಕೀಯ ಶಿಬಿರ, ಯಕ್ಷಗಾನ, ನಾಟಕಗಳಿಗೆ ಶ್ರಮಿಸುತ್ತಿರುವುದು ಅಭಿನಂದನೀಯ. ಅದರ ಜತೆಗೆ ವರ್ಷಕ್ಕೊಂದು ರವಿವಾರ ಸಾರಿಗೆ ವ್ಯವಹಾರದಲ್ಲಿರುವ ಸದಸ್ಯರನ್ನೂ ಚಾಲಕರನ್ನೂ ಒಂದೆಡೆ ಸೇರಿಸಿ, ಅನುಭವಿ ಎಂಜಿನಿಯರ್ ಒಬ್ಬರಿಂದಲೂ ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರಿಂದಲೂ ಮಾಹಿತಿ ಕೊಡಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಟ್ರೈಲರ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಮುದ್ರಿಸಿ ಹಂಚಬಹುದು. ಸಸ್ಪೆನ್ಶನ್ ಆಯ್ಕೆ ಮಾಡುವಾಗ ಚಾಲಕನ ಮಾತನ್ನೂ ಕೇಳುವ ಪದ್ಧತಿ ಬೆಳೆಯಬೇಕು. ಘಾಟಿಯ ತಿರುವಿನಲ್ಲಿ ಆ ಭಾರದ ಮುಂದೆ ಕುಳಿತಿರುವವನು ಅವನೇ. ಅವನ ಮನೆಯವರು ಊರಿನಲ್ಲಿ ಕಾಯುತ್ತಿರುತ್ತಾರೆ.